ಗುಲ್ಮಾರ್ಗ್‌ನಲ್ಲಿ ಫೇಸ್ ಟೂ ತಗೋಬೇಕಾ? ಇಲ್ಲಿದೆ ಉತ್ತರ, ಇನ್ನು ಫೋನ್ ಮಾಡಬೇಡಿ

ಏಪ್ರಿಲ್ ರಜೆ ಹತ್ತಿರ ಬಂತೆಂದರೆ ಫೋನು ಶುರು. "ಕಾಶ್ಮೀರಕ್ಕೆ ಟಿಕೆಟ್ ಆಯ್ತು. ಗೊಂಡೋಲಾದಲ್ಲಿ ಫೇಸ್ ಟೂ ವರ್ತಾ?" ಯಾವ ತಿಂಗಳು ಹೋಗ್ತಾರೆ, ಜೊತೆಗೆ ಯಾರಿದ್ದಾರೆ, ಎಷ್ಟು ಹೊತ್ತಿಗೆ ತಲುಪುತ್ತಾರೆ, ಯಾವುದನ್ನೂ ಹೇಳುವುದಿಲ್ಲ. ನಾನು ಹೂಂ ಅನ್ನಬೇಕು, ಇಲ್ಲವೇ ಬೇಡ ಅನ್ನಬೇಕು. ಬಾಯಲ್ಲಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಓದಿಕೊಳ್ಳಿ.

ಮೊದಲು ಅದು ಏನು ಅಂತ ತಿಳಿಯಲಿ. ಗೊಂಡೋಲಾ ಅಂದರೆ ಹಗ್ಗಕ್ಕೆ ನೇತಾಡುವ ಕ್ಯಾಬಿನ್‌ನಲ್ಲಿ ಕೂರಿಸಿ ಬೆಟ್ಟ ಹತ್ತಿಸುವ ಕೇಬಲ್ ಕಾರ್; ಎರಡು ಹಂತ, ಅವೇ ಫೇಸ್ ಒನ್, ಫೇಸ್ ಟೂ. ಗುಲ್ಮಾರ್ಗ್‌ನ ಹುಲ್ಲುಗಾವಲು ಸಮುದ್ರಮಟ್ಟದಿಂದ ಸುಮಾರು 2,650 ಮೀಟರ್ ಮೇಲಿದೆ. ಅಲ್ಲಿಂದ ನಡುವಿನ ನಿಲ್ದಾಣ ಕೊಂಗ್ದೂರಿಗೆ ಹೋಗುವುದು ಫೇಸ್ ಒನ್; ಹತ್ತಿರ ಹತ್ತಿರ 3,100 ಮೀಟರ್‌ಗೆ ಏರುತ್ತೆ, ಹತ್ತು ನಿಮಿಷದ ಒಳಗಿನ ಪ್ರಯಾಣ. ಕೊಂಗ್ದೂರಿಯಿಂದ ಅಫರ್ವಾತ್ ಬೆಟ್ಟದ ಭುಜಕ್ಕೆ ಏರುವುದು ಫೇಸ್ ಟೂ. ಮೇಲಿನ ನಿಲ್ದಾಣ ಸುಮಾರು 3,950 ಮೀಟರ್‌ನಲ್ಲಿದೆ, ಹನ್ನೆರಡು ನಿಮಿಷ ಅಂದುಕೊಳ್ಳಿ. ಮೊದಲನೆಯದು 1998ರಲ್ಲಿ, ಎರಡನೆಯದು 2005ರಲ್ಲಿ ಶುರುವಾಯಿತು. ಯಂತ್ರ ಫ್ರಾನ್ಸಿನ ಪೋಮಾ ಕಂಪನಿಯದು. ಒಂದು ಕ್ಯಾಬಿನ್‌ನಲ್ಲಿ ಆರು ಜನ. ನಮ್ಮ ಅಳತೆಯಲ್ಲಿ ಹೇಳಬೇಕೆಂದರೆ, ಮುಳ್ಳಯ್ಯನಗಿರಿಯ ತುದಿ 1,930 ಮೀಟರ್. ಅದರ ಮೇಲೆ ಇನ್ನೊಂದು ಮುಳ್ಳಯ್ಯನಗಿರಿ ಇಟ್ಟರೆ ಫೇಸ್ ಟೂ ನಿಮ್ಮನ್ನು ಇಳಿಸುವ ಜಾಗ ಇನ್ನೂ ಸ್ವಲ್ಪ ಮೇಲೇ ಇರುತ್ತೆ.

ಈಗ "ವರ್ತಾ" ಅನ್ನುವ ಮಾತು. ನನಗೆ ಆಗದಿರುವುದೇ ಅದು. ಕೊಟ್ಟ ದುಡ್ಡಿಗೆ ತೂಕ ಸಿಗುತ್ತಾ ಅಂತ ಕೇಳಲು ಅದು ತರಕಾರಿ ಅಲ್ಲ. ಒಂದೇ ದಿನ, ಒಂದೇ ಬೆಲೆಯ ಟಿಕೆಟ್ ಹಿಡಿದು ಬೆಳಗ್ಗೆ ಹತ್ತಕ್ಕೆ ಮೇಲೆ ನಿಂತವರು ಉತ್ತರಕ್ಕೆ 8,126 ಮೀಟರ್‌ನ ನಂಗಾ ಪರ್ವತ ನೋಡುತ್ತಾರೆ. ಮಧ್ಯಾಹ್ನ ಎರಡಕ್ಕೆ ಹೋದವರು ತಮ್ಮ ಕೈಬೆರಳು ನೋಡಿಕೊಂಡು ಇಳಿಯುತ್ತಾರೆ. ಹಾಗಿದ್ದಾಗ ವರ್ತ್ ಹೌದೋ ಅಲ್ಲವೋ ಅಂತ ನಾನು ಬೆಂಗಳೂರಿನಲ್ಲಿ ಕೂತು ಏನು ಹೇಳಲಿ?

ತಿಂಗಳು ಹೇಳಿ, ಅರ್ಧ ಉತ್ತರ ಅಲ್ಲೇ ಇದೆ. ಡಿಸೆಂಬರ್ ಕೊನೆಯಿಂದ ಮಾರ್ಚ್‌ವರೆಗೆ ಗುಲ್ಮಾರ್ಗ್‌ನ ನೆಲದಲ್ಲೇ ಹಿಮ ಇರುತ್ತೆ, ಕೊಂಗ್ದೂರಿಯಲ್ಲಿ ಮೊಣಕಾಲು ಮುಳುಗುವಷ್ಟು. ಹಿಮ ನೋಡುವುದಷ್ಟೇ ಆಸೆಯಾದರೆ ಫೇಸ್ ಟೂಗೆ ಹಟ ಹಿಡಿಯಬೇಡಿ. ಏಪ್ರಿಲ್ ಕೊನೆ, ಮೇ ತಿಂಗಳಲ್ಲಿ, ಅಂದರೆ ನಮ್ಮ ಮಕ್ಕಳ ರಜೆಯಲ್ಲಿ, ಕೆಳಗೆ ಹಸಿರು ಬಂದಿರುತ್ತೆ, ಕೊಂಗ್ದೂರಿಯಲ್ಲಿ ಅಲ್ಲಲ್ಲಿ ಮಣ್ಣು ಹತ್ತಿದ ಹಿಮದ ತೇಪೆ. ಮಗು ಹಿಮ ಮುಟ್ಟಲೇಬೇಕು ಅಂದರೆ ಆಗ ಫೇಸ್ ಟೂ ಬೇಕು. ಜುಲೈ, ಆಗಸ್ಟ್‌ನಲ್ಲಿ ಮೇಲೆ ಬರೀ ಬಂಡೆ, ನೆರಳಿನ ಕೊರಕಲಿನಲ್ಲಿ ಉಳಿದ ಹಳೆಯ ಹಿಮ. ಆ ಕಾಲಕ್ಕೆ ಕೊಂಗ್ದೂರಿಯ ಹುಲ್ಲು, ಹೂವುಗಳೇ ಚೆಂದ. ಕೆಲವರು ಅಲ್ಲಿಗೆ ಹೋಗಿ "ಹಿಮ ಇಲ್ಲ, ಮೋಸ" ಅನ್ನುತ್ತಾರೆ. ಆಗಸ್ಟ್‌ನಲ್ಲಿ ಹೋಗಿದ್ದು ಅವರೇ.

ಜೊತೆಗೆ ಯಾರು ಅನ್ನುವುದು ಉಳಿದರ್ಧ. 3,950 ಮೀಟರ್‌ನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಶೇಕಡ 62 ಮಾತ್ರ. ಬೆಂಗಳೂರಿನಲ್ಲಿ ಅದು 90ರ ಆಸುಪಾಸು. ಇದನ್ನು ಕಣ್ಣಾರೆ ನೋಡಬೇಕೆಂದರೆ ಶ್ರೀನಗರದಲ್ಲಿ ಒಂದು ಚಿಪ್ಸ್ ಪೊಟ್ಟಣ ಕೊಂಡು ಬ್ಯಾಗಿನಲ್ಲಿಡಿ. ಕೊಂಗ್ದೂರಿಗೆ ಬರುವಷ್ಟರಲ್ಲಿ ಸುಕ್ಕು ಮಾಯವಾಗಿರುತ್ತೆ, ಅಫರ್ವಾತ್‌ನಲ್ಲಿ ತಮಟೆಯ ಹಾಗೆ ಬಿಗಿದು ಹೊಲಿಗೆ ಬಿಡುವ ಹಾಗಿರುತ್ತೆ. ಒಳಗಿನ ಗಾಳಿ ಅಷ್ಟೇ ಇದೆ, ಹೊರಗಿನ ಒತ್ತಡ ಇಳಿದಿದೆ. ನಿಮ್ಮ ಹೊಟ್ಟೆಯಲ್ಲೂ ಕಿವಿಯಲ್ಲೂ ಆಗುವುದು ಅದೇ. ಬೆಳಗ್ಗೆ ಪೂರಿ, ಪರೋಟ ಹೊಟ್ಟೆ ಬಿರಿಯ ತಿಂದು ಮೇಲೆ ಹೋದವರಿಗೆ ಹೊಟ್ಟೆ ಉಬ್ಬರಿಸಿ, ಉಸಿರು ಸಿಗದೆ ಗಾಬರಿಯಾಗುವುದಕ್ಕೆ ಇದೂ ಒಂದು ಕಾರಣ. ಎರಡು ಇಡ್ಲಿಯಷ್ಟು ಹಗುರವಾಗಿ ತಿನ್ನಿ.

ಆರೋಗ್ಯವಾಗಿರುವವರಿಗೆ ಅಲ್ಲಿ ಅರ್ಧ ಮುಕ್ಕಾಲು ಗಂಟೆ ಕಷ್ಟವಲ್ಲ. ಸುಸ್ತಾಗುವುದು ಬಾಗಿಲು ತೆರೆದ ಕೂಡಲೇ ಹಿಮದ ಕಡೆಗೆ ಓಡುವವರಿಗೆ. ಇಳಿದ ಮೇಲೆ ಐದು ನಿಮಿಷ ಸುಮ್ಮನೆ ನಿಲ್ಲಿ, ಆಮೇಲೆ ನಿಧಾನ ನಡೆಯಿರಿ. ಹೃದಯದ ತೊಂದರೆ, ಆಸ್ತಮಾ, ಗರ್ಭಿಣಿ: ಇವರ ವಿಷಯದಲ್ಲಿ ಬೆಂಗಳೂರಿನಲ್ಲೇ ಡಾಕ್ಟರನ್ನು ಕೇಳಿ, ಅಲ್ಲಿನ ಕುದುರೆಯವನನ್ನಲ್ಲ. ಮಗುವಿಗೆ ನೆಗಡಿ ಇದ್ದರೆ ಕಿವಿ ನೋವು ಹತ್ತುವಾಗಿನದಕ್ಕಿಂತ ಇಳಿಯುವಾಗ ಜಾಸ್ತಿ. ಬಾಯಲ್ಲಿ ಚಪ್ಪರಿಸಲು ಏನಾದರೂ ಕೊಡಿ, ನೀರು ಗುಟುಕರಿಸಲಿ. ಎಪ್ಪತ್ತು ದಾಟಿದ ಅಮ್ಮ, ಅಪ್ಪ ಇದ್ದರೆ ಫೇಸ್ ಒನ್ ಸಾಕು. "ಅಷ್ಟು ದೂರ ಬಂದು ಅಲ್ಲಿಗೇ ನಿಲ್ಲೋದಾ" ಅಂತ ಅವರನ್ನು ಎಳೆದುಕೊಂಡು ಹೋಗಬೇಡಿ. ಇದನ್ನು ಕೋಪದಿಂದಲೇ ಹೇಳುತ್ತಿದ್ದೇನೆ.

ಇಷ್ಟಾದರೂ ಯಾರೂ ಕೇಳದ ಪ್ರಶ್ನೆ ಒಂದಿದೆ. ಅದನ್ನು ಕೇಳಿದ್ದರೆ ನಾನೇ ಕಾಫಿ ಕೊಟ್ಟು ಕೂರಿಸಿ ಹೇಳುತ್ತಿದ್ದೆ: ಫೇಸ್ ಟೂ ಆಗಾಗ ಯಾಕೆ ನಿಲ್ಲುತ್ತೆ?

ಗಾಳಿಯಿಂದ. ಕ್ಯಾಬಿನ್ ನೇತಾಡುವುದು ಒಂದೇ ಒಂದು ಉಕ್ಕಿನ ಹಗ್ಗಕ್ಕೆ. ಅದೇ ಹೊರುವ ಹಗ್ಗ, ಅದೇ ಎಳೆಯುವ ಹಗ್ಗ. ಮುಂದಿನಿಂದ ಬೀಸುವ ಗಾಳಿ ಅಷ್ಟು ತೊಂದರೆ ಕೊಡಲ್ಲ. ಅಡ್ಡಗಾಳಿ ಬಂದರೆ ಕ್ಯಾಬಿನ್ ತೊಟ್ಟಿಲಿನ ಹಾಗೆ ಪಕ್ಕಕ್ಕೆ ತೂಗುತ್ತೆ. ನಡುವೆ ಇರುವಾಗ ತೂಗಿದರೆ ಚಿಂತೆಯಿಲ್ಲ, ಕಂಬ ದಾಟುವಾಗ ತೂಗಿದರೆ ಅಪಾಯ. ಅದಕ್ಕೇ ಕಂಬಗಳ ಮೇಲೆ ಗಾಳಿ ಅಳೆಯುವ ಯಂತ್ರ ಇಟ್ಟಿರುತ್ತಾರೆ. ಗಾಳಿ ಏರಿದರೆ ಮೊದಲು ವೇಗ ತಗ್ಗಿಸುತ್ತಾರೆ, ಆಮೇಲೆ ಹತ್ತಿಸುವುದನ್ನು ನಿಲ್ಲಿಸಿ, ದಾರಿಯಲ್ಲಿರುವವರನ್ನು ನಿಧಾನವಾಗಿ ಇಳಿಸಿಕೊಳ್ಳುತ್ತಾರೆ. ಫೇಸ್ ಒನ್ ಬಹುಪಾಲು ಪೈನ್, ಫರ್ ಮರಗಳ ಮರೆಯಲ್ಲಿ ಸಾಗುತ್ತೆ. ಫೇಸ್ ಟೂ ಮರಗಳ ಗಡಿ ದಾಟಿ ಬೋಳು ಇಳಿಜಾರಿನಲ್ಲಿ ಹೋಗುತ್ತೆ, ಅಲ್ಲಿ ಗಾಳಿಗೆ ಅಡ್ಡ ಏನೂ ಇಲ್ಲ. ಕೆಳಗೆ ಎಲೆ ಅಲ್ಲಾಡದಿದ್ದರೂ ಮೇಲೆ ಬಂದ್ ಆಗಿರುವುದು ಇದಕ್ಕೆ. ಜೊತೆಗೆ ಬಿಸಿಲೇರಿದಂತೆ ಬೆಟ್ಟದ ಮೈ ಕಾದು, ಗಾಳಿ ಮೇಲೆದ್ದು, ಮಧ್ಯಾಹ್ನದ ಹೊತ್ತಿಗೆ ಮೋಡ ಕಟ್ಟುತ್ತೆ.

2017ರ ಜೂನ್‌ನಲ್ಲಿ ಇದೇ ಗೊಂಡೋಲಾದಲ್ಲಿ ಜೋರು ಗಾಳಿಗೆ ಬುಡಮೇಲಾದ ಮರವೊಂದು ಹಗ್ಗದ ಮೇಲೆ ಬಿದ್ದು ಏಳು ಜನ ತೀರಿಕೊಂಡರು. ಪ್ರವಾಸಿಗಳ ಜೊತೆ ಅಲ್ಲಿನ ಗೈಡ್‌ಗಳೂ ಹೋದರು. ಗಾಳಿ ಇದ್ದಾಗ ನಿಲ್ಲಿಸಿದರೆ ಕೌಂಟರ್ ಮುಂದೆ ಗಲಾಟೆ ಮಾಡುವವರಿಗೆ ಇದು ನೆನಪಿರಲಿ. ಓಡಿಸುವವನು "ಇವತ್ತು ಇಲ್ಲ" ಅಂದರೆ ಕೈ ಮುಗಿದು ವಾಪಸ್ ಬನ್ನಿ.

ಹಾಗಾಗಿ ಉತ್ತರ ಟಿಕೆಟ್‌ನಲ್ಲಿಲ್ಲ, ಹೊತ್ತಿನಲ್ಲಿದೆ. ಶ್ರೀನಗರದಿಂದ ಗುಲ್ಮಾರ್ಗ್ 50 ಕಿಲೋಮೀಟರ್. ಒಂಬತ್ತಕ್ಕೆ ಹೋಟೆಲ್ ಬಿಟ್ಟು, ತಂಗ್‌ಮಾರ್ಗ್‌ನಲ್ಲಿ ಕೋಟು, ಗಮ್‌ಬೂಟ್ ಬಾಡಿಗೆಗೆ ಚೌಕಾಸಿ ಮಾಡಿ, ಹನ್ನೆರಡಕ್ಕೆ ಸಾಲಿನಲ್ಲಿ ನಿಲ್ಲುವವರಿಗೆ ಫೇಸ್ ಟೂ ಬೇಡ ಅಂತಲೇ ನನ್ನ ಸಲಹೆ. ಹಿಂದಿನ ರಾತ್ರಿ ಗುಲ್ಮಾರ್ಗ್ ಅಥವಾ ತಂಗ್‌ಮಾರ್ಗ್‌ನಲ್ಲಿ ಉಳಿದು ಮೊದಲ ಸ್ಲಾಟ್‌ನಲ್ಲಿ ಹತ್ತುವವರು ಕಣ್ಣು ಮುಚ್ಚಿ ಎರಡೂ ತಗೊಳ್ಳಿ. ಟಿಕೆಟನ್ನು ಕೇಬಲ್ ಕಾರ್ ಕಾರ್ಪೊರೇಷನ್‌ನ ಜಾಲತಾಣದಲ್ಲೇ ಮುಂಚಿತವಾಗಿ ಕಾಯ್ದಿರಿಸಬೇಕು. ಫೇಸ್ ಟೂ ಸೀಟು ಬೇಗ ಮುಗಿಯುತ್ತೆ, ಫೇಸ್ ಒನ್ ಟಿಕೆಟ್ ಇಲ್ಲದೆ ಅದೊಂದೇ ಉಪಯೋಗಕ್ಕೆ ಬರಲ್ಲ. ಬೇರೆ ರಾಜ್ಯದ ಪ್ರೀಪೇಯ್ಡ್ ಸಿಮ್ ಅಲ್ಲಿ ಕೆಲಸ ಮಾಡಲ್ಲ, ಆದ್ದರಿಂದ ಟಿಕೆಟ್ಟು ಪ್ರಿಂಟ್ ಮಾಡಿಸಿ, ಗುರುತಿನ ಚೀಟಿ ಜೊತೆಗೆ ಜೇಬಿನಲ್ಲಿರಲಿ. ಗಾಡಿ ನಿಲ್ಲುವ ಜಾಗದಿಂದ ಗೊಂಡೋಲಾಗೆ ಕುದುರೆ ಇಲ್ಲದೆ ಹೋಗಲಾಗದು ಅಂತ ಹೇಳುವವರು ಸಿಗುತ್ತಾರೆ. ನಡೆದರೆ ಸುಮಾರು ಒಂದು ಕಿಲೋಮೀಟರ್, ಕಾಲು ಗಟ್ಟಿ ಇದ್ದವರು ನಡೆಯಬಹುದು.

ಕೆಳಗಿಂತ ಮೇಲಿನ ನಿಲ್ದಾಣದಲ್ಲಿ ಎಂಟು ಡಿಗ್ರಿಯಷ್ಟು ಚಳಿ ಹೆಚ್ಚು, ಗಾಳಿ ಬೀಸಿದರೆ ಅದು ಇನ್ನೂ ಕೊರೆಯುತ್ತೆ. ಬಾಡಿಗೆ ಬೂಟು ಒಳಗೆ ಒದ್ದೆ ಇರುವುದು ಮಾಮೂಲು, ಉಣ್ಣೆಯ ಕಾಲುಚೀಲ ಎರಡು ಜೊತೆ ಮನೆಯಿಂದಲೇ ತನ್ನಿ; ಹತ್ತಿಯದು ಒಮ್ಮೆ ನೆನೆದರೆ ಸಂಜೆಯವರೆಗೆ ಒಣಗಲ್ಲ. ಕಪ್ಪು ಕನ್ನಡಕ ಶೋಕಿಗಲ್ಲ, ಹಿಮದ ಮೇಲಿನ ಬಿಸಿಲು ಕೆಳಗಿನಿಂದಲೂ ಕಣ್ಣಿಗೆ ಹೊಡೆಯುತ್ತೆ.

ಹತ್ತುವುದು ಹೇಗೆ ಅಂತ ಯಾರೂ ಹೇಳಿಕೊಡಲ್ಲ, ಅಲ್ಲೇ ಎಡವುವುದು. ನಿಲ್ದಾಣಕ್ಕೆ ಬಂದ ಕ್ಯಾಬಿನ್‌ನ ತಲೆಯ ಮೇಲೆ ನೋಡಿ. ಹಗ್ಗವನ್ನು ಕಚ್ಚಿ ಹಿಡಿದ ಉಕ್ಕಿನ ದವಡೆ ಇದೆ, ಅದನ್ನು ಬಿಗಿ ಹಿಡಿದಿರುವುದು ಸ್ಪ್ರಿಂಗ್. ಒಳಗೆ ಬಂದ ಕೂಡಲೇ ಒಂದು ಹಳಿ ದವಡೆಯ ಸನ್ನೆಗೋಲನ್ನು ಒತ್ತುತ್ತೆ, ದವಡೆ ಬಾಯಿ ಬಿಡುತ್ತೆ, ಹಗ್ಗ ತನ್ನ ವೇಗದಲ್ಲೇ ಮುಂದೆ ಹೋಗುತ್ತೆ. ಕ್ಯಾಬಿನ್ನನ್ನು ಸಾಲಾಗಿ ತಿರುಗುವ ಪುಟ್ಟ ಟಯರ್‌ಗಳು ತಡೆದು, ನಡಿಗೆಗಿಂತ ನಿಧಾನಕ್ಕೆ ತರುತ್ತವೆ. ಬಾಗಿಲು ತಾನಾಗಿ ತೆರೆಯುತ್ತೆ. ಅದು ನಿಮಗಾಗಿ ನಿಲ್ಲುವುದಿಲ್ಲ. ಅದರ ಜೊತೆ ಎರಡು ಹೆಜ್ಜೆ ನಡೆದು ಒಳಗೆ ಕಾಲಿಡಬೇಕು. ಮುಂದೆ ಟಯರ್‌ಗಳು ವೇಗ ಕೊಡುತ್ತವೆ, ದವಡೆ ಮತ್ತೆ ಕಚ್ಚುತ್ತೆ, ಹಿಡಿತ ಸರಿ ಬರದಿದ್ದರೆ ಇಡೀ ಸಾಲೇ ನಿಲ್ಲುತ್ತೆ. ವಯಸ್ಸಾದವರಿದ್ದರೆ ಬಾಗಿಲ ಬಳಿ ನಿಂತವನಿಗೆ ಮೊದಲೇ ಹೇಳಿ, ಇನ್ನೂ ನಿಧಾನ ಮಾಡಿಸುತ್ತಾನೆ. ಸುಮ್ಮನೆ ಇದ್ದು, ಕೊನೆಯ ಕ್ಷಣದಲ್ಲಿ "ಅಮ್ಮ, ಬೇಗ ಬೇಗ" ಅಂತ ದೂಡಬೇಡಿ.

ಹತ್ತುವಾಗ ಬೆಟ್ಟಕ್ಕೆ ಬೆನ್ನು ಕೊಟ್ಟು ಕೂತುಕೊಳ್ಳಿ. ಎಲ್ಲರೂ ಮುಂದೆ ನೋಡುವ ಸೀಟಿಗೆ ಕಿತ್ತಾಡುತ್ತಾರೆ; ಆ ಸೀಟಿನಲ್ಲಿ ಕಾಣುವುದು ಇಳಿಜಾರು, ಹಗ್ಗ, ಮುಂದಿನ ಕ್ಯಾಬಿನ್‌ನ ಬೆನ್ನು. ಬೆನ್ನು ಕೊಟ್ಟು ಕೂತರೆ ಕಣಿವೆ ನಿಮಿಷ ನಿಮಿಷಕ್ಕೂ ಅಗಲವಾಗುತ್ತಾ ಹೋಗುತ್ತೆ, ಕಾಲ ಕೆಳಗೆ ದನ, ಕುರಿ ಮೇಯಿಸುವ ಗುಜ್ಜರರ ಮಣ್ಣು ಮಾಡಿನ ಗುಡಿಸಲು ಕಾಣುತ್ತೆ. ಕಿಟಕಿಯಲ್ಲಿ ಗೀರುಗಳಿದ್ದರೆ ಫೋನನ್ನು ಕಿಟಕಿಗೇ ಒತ್ತಿ ಹಿಡಿಯಿರಿ, ಗೀರು ಫೋಟೋದಲ್ಲಿ ಬರಲ್ಲ. ಕಂಬ ದಾಟುವಾಗ ಗಡಗಡ ಅಂದರೆ ಅದು ಉರುಳೆಗಳ ಸದ್ದು. ನಡುದಾರಿಯಲ್ಲಿ ನಿಂತು ಮೇಲೆ ಕೆಳಗೆ ಜೀಕಿದರೆ ಹೆದರಬೇಡಿ. ಉದ್ದದ ಹಗ್ಗ ಹಠಾತ್ತನೆ ನಿಂತಾಗ ಹಾಗೆ ಪುಟಿಯುತ್ತೆ. ಬಹಳ ಸಲ ನಿಲ್ಲುವುದು ಕೆಳಗೆ ಯಾರೋ ಹತ್ತಲು ತಡ ಮಾಡಿದ್ದಕ್ಕೆ. ಕರೆಂಟು ಹೋದರೂ ಸಾಲನ್ನು ನಿಧಾನವಾಗಿ ಖಾಲಿ ಮಾಡಲು ಡೀಸೆಲ್ ಎಂಜಿನ್ ಇರುತ್ತೆ.

ಕೊಂಗ್ದೂರಿಯಿಂದ ಮೇರೀಸ್ ಶೋಲ್ಡರ್ ಅನ್ನುವ ಬೆಟ್ಟದ ಭುಜಕ್ಕೆ ಒಂದು ಚೇರ್‌ಲಿಫ್ಟ್, ಅಂದರೆ ಹಗ್ಗಕ್ಕೆ ನೇತಾಡುವ ಕುರ್ಚಿಗಳ ಸಾಲು, ಇದೆ. ತೆರೆದಿದ್ದರೆ ಬಿಡಬೇಡಿ. ಗಾಜಿಲ್ಲ, ಬಾಗಿಲಿಲ್ಲ, ಕಾಲು ಗಾಳಿಯಲ್ಲಿ. ನೋಟ ಅಂದರೆ ಅದು. ಗುರುತಿನ ಗೆರೆಯ ಮೇಲೆ ನಿಂತು, ಹಿಂದಕ್ಕೆ ತಿರುಗಿ ಕುರ್ಚಿ ಬರುವುದನ್ನು ನೋಡಿ, ಮೊಣಕಾಲಿಗೆ ತಾಗಿದಾಗ ಕೂತು ಸರಳು ಇಳಿಸಿ. ಬ್ಯಾಗು ಬೆನ್ನಿಗಲ್ಲ, ತೊಡೆಯ ಮೇಲೆ. ಸೆರಗು, ದುಪಟ್ಟ, ಶಾಲು ಕೋಟಿನೊಳಗೆ ಸಿಕ್ಕಿಸಿ. ಇಳಿಯುವಾಗ ಕುರ್ಚಿಗೆ ಸಿಕ್ಕಿ ಎಳೆಯುವುದು ಅವೇ. ಇಳಿಯುವ ಜಾಗ ಬಂದಾಗ ಸರಳು ಎತ್ತಿ, ಪಾದದ ತುದಿ ಮೇಲಕ್ಕೆತ್ತಿ, ಎದ್ದು ಪಕ್ಕಕ್ಕೆ ನಡೆಯಿರಿ. ಅಲ್ಲೇ ನಿಂತು ಫೋಟೋ ತೆಗೆದರೆ ಹಿಂದಿನ ಕುರ್ಚಿ ಬಂದು ಬಡಿಯುತ್ತೆ.

ಇದಕ್ಕೇ ಸೇರಿದ ಇನ್ನೊಂದು ಪ್ರಶ್ನೆ: "ಔಲಿ ರೋಪ್‌ವೇ ಇದಕ್ಕಿಂತ ಚೆನ್ನಾಗಿದೆಯಂತೆ?" ಉತ್ತರಾಖಂಡದ ಜೋಶಿಮಠದಿಂದ ಔಲಿಗೆ ನಾಲ್ಕು ಕಿಲೋಮೀಟರ್ ಹೋಗುತ್ತಿದ್ದ ಆ ರೋಪ್‌ವೇಯನ್ನು, ಜೋಶಿಮಠದ ನೆಲ ಬಿರುಕು ಬಿಟ್ಟು ಕುಸಿಯತೊಡಗಿದಾಗ, 2023ರ ಜನವರಿಯಲ್ಲಿ ನಿಲ್ಲಿಸಿದರು. ಹಳೆಯ ವಿಡಿಯೋ ನೋಡಿ ಯೋಜನೆ ಹಾಕಬೇಡಿ. ಔಲಿಯ ಒಳಗಿನ ಚೇರ್‌ಲಿಫ್ಟ್ ಬೇರೆ, ಅದನ್ನು ಇದರ ಜೊತೆ ಬೆರೆಸಬೇಡಿ.

ವಾಪಸ್ ಸಾಲಿನ ಲೆಕ್ಕ ಇಟ್ಟುಕೊಳ್ಳಿ. ಹತ್ತುವವರು ಹೊತ್ತು ಹೊತ್ತಿಗೆ ಹಂಚಿಹೋಗಿರುತ್ತಾರೆ, ಇಳಿಯುವವರು ಮೋಡ ಕಂಡ ಕೂಡಲೇ ಒಟ್ಟಿಗೆ ಓಡಿ ಬರುತ್ತಾರೆ. ಮೇಲೆ ಕಾಲಿಟ್ಟ ತಕ್ಷಣ ಕೊನೆಯ ಕ್ಯಾಬಿನ್ ಎಷ್ಟು ಹೊತ್ತಿಗೆ ಅಂತ ಕೇಳಿ, ಅದಕ್ಕಿಂತ ಒಂದು ಗಂಟೆ ಮೊದಲೇ ಸಾಲಿಗೆ ಬನ್ನಿ. ಅದೇ ಸಂಜೆ ಶ್ರೀನಗರದಲ್ಲಿ ವಿಮಾನ ಹಿಡಿಯಬೇಕಾದವರು ಫೇಸ್ ಟೂ ಬಿಟ್ಟುಬಿಡಿ.

ಕೊಂಗ್ದೂರಿಗೆ ಬಂದು ಇಳಿದ ಮೇಲೂ ಮನಸ್ಸು ಡೋಲಾಯಮಾನವಾಗಿದ್ದರೆ, ಎರಡನೆಯ ಸಾಲು ಸೇರುವ ಮೊದಲು ತಲೆ ಎತ್ತಿ ಮೇಲಿನಿಂದ ಇಳಿಯುವ ಖಾಲಿ ಕ್ಯಾಬಿನ್‌ಗಳನ್ನು ನೋಡಿ. ನೆಟ್ಟಗೆ ಬರುತ್ತಿದ್ದರೆ ಹೊರಡಿ. ಪಕ್ಕಕ್ಕೆ ತೂಗುತ್ತಿದ್ದರೆ, ತುದಿಯ ಕಂಬಗಳು ಮೋಡದಲ್ಲಿ ಮುಚ್ಚಿದ್ದರೆ, ಅಲ್ಲೇ ಒಂದು ಬಂಡೆ ನೋಡಿ ಕೂತು ಬಿಸಿ ಕಹ್ವಾ, ಅದೇ ಕಾಶ್ಮೀರಿ ಚಹಾ, ಕುಡಿಯಿರಿ.