ಬಟ್ಟಲಿಗೆ ಬಿದ್ದ ಹುಣಸೆಬೀಜ

ನಮ್ಮ ಮನೆಯಲ್ಲಿ ಮಾವನವರ ಕಾಲದ ಅಳಗುಳಿ ಮಣೆಯೊಂದಿದೆ. ಅದರ ಹುಣಸೆಬೀಜಗಳನ್ನು ಹೋದ ಜೂನ್‌ನಿಂದ ನಾನು ಬೇರೆ ಕೆಲಸಕ್ಕೆ ತೆಗೆದುಕೊಂಡಿದ್ದೇನೆ. ಮೂರನೇ ಕ್ಲಾಸಿನ ಮಗಳು ಆನ್‌ಲೈನ್ ಇಂಗ್ಲಿಷ್ ಪಾಠಕ್ಕೆ ಕೂತಾಗ ಪಕ್ಕದಲ್ಲೇ, ಕ್ಯಾಮೆರಾಗೆ ಕಾಣದ ಹಾಗೆ, ನೆಲದ ಮೇಲೆ ಕೂರುತ್ತೇನೆ. ಅವಳು ತಾನಾಗಿ ಒಂದು ಪೂರ್ತಿ ವಾಕ್ಯ ಇಂಗ್ಲಿಷಿನಲ್ಲಿ ಹೇಳಿದರೆ ಬಟ್ಟಲಿಗೆ ಒಂದು ಬೀಜ. ಟೀಚರ್ ಹೇಳಿದ್ದನ್ನೇ ತಿರುಗಿ ಒಪ್ಪಿಸಿದರೆ ಲೆಕ್ಕಕ್ಕಿಲ್ಲ. ‘ಯೆಸ್ ಮಿಸ್’ ಅಂತೂ ಲೆಕ್ಕಕ್ಕೇ ಇಲ್ಲ.

ಮೊದಲ ದಿನ 40 ನಿಮಿಷದ ಪಾಠ ಮುಗಿದಾಗ ಬಟ್ಟಲಲ್ಲಿದ್ದದ್ದು ಮೂರು ಬೀಜ.

ಅದು ದೊಡ್ಡ ಜಾಹೀರಾತಿನ ಒಂದು ಕಂಪನಿಯ ಕ್ಲಾಸು. ಉಚಿತ ಟ್ರಯಲ್ ಅಂತ ಒಂದು ಸಲ ನಂಬರ್ ಕೊಟ್ಟಿದ್ದಕ್ಕೆ ವಾರವಿಡೀ ಫೋನು. ‘ನಿಮ್ಮ ಮಗು ತನ್ನ ವಯಸ್ಸಿನವರಿಗಿಂತ ಹಿಂದಿದೆ ಮೇಡಂ’ ಎಂದು ಅವಳನ್ನು ಹತ್ತೇ ನಿಮಿಷ ನೋಡಿದವರೊಬ್ಬರು ಹೇಳಿದರು. ಆ ಮಾತು ನನ್ನೊಳಗೆ ಎಲ್ಲಿಗೆ ತಾಕಬೇಕೋ ಅಲ್ಲಿಗೇ ತಾಕಿತು. ನಾನು ಓದಿದ್ದು ತಿಪಟೂರು ತಾಲ್ಲೂಕಿನ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ. ಆಗ ನಮಗೆ ಎಬಿಸಿಡಿ ಶುರುವಾಗುತ್ತಿದ್ದದ್ದು ಐದನೇ ಕ್ಲಾಸಿನಲ್ಲಿ; ಸರ್ಕಾರಿ ಶಾಲೆಗಳಲ್ಲಿ ಒಂದನೇ ಕ್ಲಾಸಿನಿಂದಲೇ ಇಂಗ್ಲಿಷ್ ಒಂದು ವಿಷಯವಾಗಿ ಬಂದದ್ದು 2007ರಲ್ಲಿ. ಈಗಲೂ ಸೊಸೈಟಿಯ ಕೆಲಸದ ಮೇಲೆ ತರಬೇತಿಗೆ ಬೆಂಗಳೂರಿಗೆ ಹೋದರೆ, ಉತ್ತರ ಗೊತ್ತಿದ್ದೂ ಸುಮ್ಮನೆ ಕೂರುತ್ತೇನೆ. ಮಗಳಿಗೆ ಹಾಗಾಗಬಾರದು ಅನ್ನುವ ಆಸೆಗೆ ಮೂರು ತಿಂಗಳ ಫೀಸು ಕಟ್ಟಿದೆ.

ಪಾಠ ಕೆಟ್ಟದ್ದೇನಲ್ಲ. ಚಿತ್ರಗಳು, ಬೊಂಬೆಗಳು, ಸ್ಟಾರುಗಳು ಎಲ್ಲ ಇದ್ದವು. ಆದರೆ 14 ಮಕ್ಕಳು, ಹದಿಮೂರು ಮಂದಿಗೆ ಸದಾ ಮ್ಯೂಟ್. ಒಬ್ಬೊಬ್ಬರ ಸರದಿ ಬರುವ ಹೊತ್ತಿಗೆ ಇವಳ ಮನಸ್ಸು ಹಿತ್ತಲಿನ ತೆಂಗಿನಮರದ ಅಳಿಲಿನ ಹಿಂದೆ ಹೋಗಿರುತ್ತಿತ್ತು. ಎಲ್ಲರೂ ಒಟ್ಟಿಗೆ ಪದ್ಯ ಹೇಳಿ ಅಂದರೆ ಒಬ್ಬರ ದನಿ ಮುಂದೆ, ಒಬ್ಬರದು ಹಿಂದೆ, ಸಂತೆಯ ಗದ್ದಲ. ನೆಟ್‌ನಲ್ಲಿ ದನಿ ತಲುಪಲು ಅರೆಗಳಿಗೆ ತಡವಾಗುತ್ತದೆ, ಒಕ್ಕೊರಲು ಕೂಡುವುದೇ ಇಲ್ಲ. ಶಾಲೆಯಲ್ಲಿ ಗುಂಪಿನೊಳಗೆ ಅಡಗಿಕೊಂಡು ಬಾಯಿ ಬಿಡುವ ನಾಚಿಕೆಯ ಮಗುವಿಗೆ ಆ ಆಸರೆ ಇಲ್ಲಿಲ್ಲ. ಮೂರು ತಿಂಗಳಲ್ಲಿ ಒಂದು ದಿನವೂ ಬೀಜ ಐದನ್ನು ದಾಟಲಿಲ್ಲ. ಮುಂದಿನ ಹಂತಕ್ಕೆ ದಿನಕ್ಕೆರಡು ಕ್ಲಾಸು ಸೇರಿಸಿ ಅಂದರು. ಕೊರೊನಾ ಕಾಲದಲ್ಲಿ, 2020ರ ಜುಲೈನಲ್ಲಿ, ಶಾಲೆಯೇ ಪೂರ್ತಿ ಆನ್‌ಲೈನ್ ಇದ್ದಾಗಲೂ ಕೇಂದ್ರ ಸರ್ಕಾರದ ‘ಪ್ರಜ್ಞಾತಾ’ ಮಾರ್ಗಸೂಚಿ ಒಂದರಿಂದ ಎಂಟನೇ ಕ್ಲಾಸಿನವರಿಗೆ ದಿನಕ್ಕೆ 30ರಿಂದ 45 ನಿಮಿಷದ ಎರಡು ಪಾಠ ಸಾಕು ಅಂದಿತ್ತು. ಇಡೀ ದಿನ ಶಾಲೆ ಮುಗಿಸಿ ಬಂದ ಎಂಟು ವರ್ಷದ ಹುಡುಗಿಗೆ ಮತ್ತೆರಡು ಬೇಡ ಎಂದೆ.

ಈಗಿನ ಟೀಚರ್ ಮೈಸೂರಿನವರು, ಗೆಳತಿಯ ಕಡೆಯಿಂದ ಸಿಕ್ಕಿದವರು. ನಾಲ್ಕೇ ಮಕ್ಕಳು, ವಾರಕ್ಕೆ ಮೂರು ದಿನ, 25 ನಿಮಿಷ. ಸ್ಟಾರು, ಬೊಂಬೆ ಏನೂ ಇಲ್ಲ. ಮೊದಲ ದಿನ ಅವರು ಕನ್ನಡದಲ್ಲೇ ‘ಇವತ್ತು ಡಬ್ಬಿಗೆ ಏನು ತಗೊಂಡು ಹೋಗಿದ್ದೆ ಪುಟ್ಟ?’ ಅಂದರು. ಇವಳು ಅಕ್ಕಿರೊಟ್ಟಿಯ ಕಥೆಯನ್ನೆಲ್ಲ ಹೇಳಿದಳು. ಆಮೇಲೆ ಅದೇ ಕಥೆಯನ್ನು ತುಂಡುತುಂಡಾಗಿ ಇಂಗ್ಲಿಷಿಗೆ ದಾಟಿಸಿದರು. ‘ಪಾಠದಲ್ಲಿ ಕನ್ನಡ ಮಾತಾಡಿದರೆ ಇಂಗ್ಲಿಷ್ ಬರಲ್ಲ’ ಎಂದು ಕಂಪನಿಯವರು ಹೇಳಿದ್ದರಲ್ಲ, ಅದು ಸುಳ್ಳು ಅನ್ನುವುದಕ್ಕೆ ನನ್ನ ಬಟ್ಟಲು ಸಾಕ್ಷಿ. ಹೇಳಲು ಏನಾದರೂ ಇದ್ದರೆ ತಾನೆ ಮಗು ಬಾಯಿ ತೆರೆಯುವುದು? ಎರಡನೇ ವಾರಕ್ಕೆ 11, ದೀಪಾವಳಿಯ ಹೊತ್ತಿಗೆ 26.

ನಮ್ಮ ನಾಲಿಗೆ ಎಲ್ಲಿ ಎಡವುತ್ತದೆ ಎಂದು ಅವರಿಗೆ ಗೊತ್ತಿದೆ, ಯಾಕೆಂದರೆ ಅವರದೂ ಅದೇ ನಾಲಿಗೆ. ನಾವು ‘ಎಲೆ’ ಎಂದು ಬರೆದು ‘ಯೆಲೆ’ ಅನ್ನುತ್ತೇವೆ, ‘ಒಂದು’ ಎಂದು ಬರೆದು ‘ವೊಂದು’ ಅನ್ನುತ್ತೇವೆ. ಅದೇ ಅಭ್ಯಾಸದಲ್ಲಿ ‘ಎಗ್’ ‘ಯೆಗ್’ ಆಗುತ್ತದೆ. ನಮ್ಮ ಮಾತು ಸ್ವರದಲ್ಲಿ ನಿಂತರೇನೇ ನೆಮ್ಮದಿ. ಹಾಗಾಗಿ ಬಸ್ಸು, ಕಾರು, ಬುಕ್ಕು. ಇದನ್ನು ತಪ್ಪು ಅನ್ನದೆ ‘ಇದು ನಮ್ಮ ಮನೆಯ ಬಾಗಿಲು, ಅದು ಅವರ ಮನೆಯ ಬಾಗಿಲು’ ಎಂದು ಅವರು ತೋರಿಸಿಕೊಟ್ಟ ಮೇಲೆ ಮಗಳು ಎರಡನ್ನೂ ಬೇಕೆಂದೇ ಹೇಳಿ ಆಡುತ್ತಾಳೆ. ‘ಎಫ್’ ಮತ್ತು ‘ಎಸ್’ ಸದ್ದು ಮಾತ್ರ ನಮ್ಮ ಮೊಬೈಲಿನ ಪುಟ್ಟ ಸ್ಪೀಕರಿನಲ್ಲಿ ಒಂದೇ ಥರ ‘ಸುಯ್’ ಅನ್ನುತ್ತಿದ್ದವು. ಟೀಚರ್ ತುಟಿಯನ್ನು ಕ್ಯಾಮೆರಾಗೆ ತೀರಾ ಹತ್ತಿರ ತಂದು, ಮೇಲಿನ ಹಲ್ಲು ಕೆಳದುಟಿಯ ಮೇಲೆ ಕೂರುವುದನ್ನು ತೋರಿಸಿದರು. ಅವತ್ತೇ ಯಜಮಾನರು ಮೊಬೈಲ್ ಬಿಟ್ಟು ತಮ್ಮ ಹಳೇ ಲ್ಯಾಪ್‌ಟಾಪ್ ಕೊಟ್ಟರು, ಜೊತೆಗೊಂದು ಹೆಡ್‌ಫೋನ್. ಇಂಥ ಪಾಠಕ್ಕೆ ಖರ್ಚು ಮಾಡುವುದಿದ್ದರೆ ಮೊದಲು ಹೆಡ್‌ಫೋನಿಗೆ ಮಾಡಿ ಅನ್ನುತ್ತೇನೆ.

ಓದಿಗೆ ನಾವು ‘ಸ್ಟೋರಿವೀವರ್’ ಹಿಡಿದಿದ್ದೇವೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರುಮಾಡಿದ್ದು, ಹಣ ಕೊಡಬೇಕಿಲ್ಲ. ಒಂದೇ ಕಥೆ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಸಿಗುತ್ತದೆ. ಮೊದಲು ತಾತನ ಜೊತೆ ಕನ್ನಡದ್ದು, ಆಮೇಲೆ ನನ್ನ ಜೊತೆ ಇಂಗ್ಲಿಷಿನದ್ದು. ಕಥೆ ಗೊತ್ತಿರುವುದರಿಂದ ಗೊತ್ತಿಲ್ಲದ ಪದಕ್ಕೆ ಅವಳು ಹೆದರುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಹೆದರುವುದಿಲ್ಲ.

ಹೋದ ತಿಂಗಳಿನದೊಂದು ದಿನ ಬರೆದಿಡಲೇಬೇಕು. ಮನೆಯಲ್ಲಿ ಯಾರು ಏನು ಮಾಡುತ್ತಿದ್ದಾರೆ ಎಂದು ಟೀಚರ್ ಕೇಳಿದರು. ‘ಮೈ ತಾತ ಆರ್ ಸ್ಲೀಪಿಂಗ್. ದೇ ಆರ್ ಟಯರ್ಡ್’ ಅಂದಳು ಮಗಳು. ನಾನು ಬೀಜ ಹಾಕಲೋ ಬೇಡವೋ ಎಂದು ಕೈಯಲ್ಲೇ ಹಿಡಿದುಕೊಂಡೆ. ಟೀಚರ್ ತಿದ್ದಲಿಲ್ಲ. ‘ಒಬ್ಬರೇ ತಾತ ತಾನೆ, ದೇ ಯಾಕೆ?’ ಎಂದು ಕೇಳಿದರು.

‘ಹಿ ಅಂದ್ರೆ ಅವನು ಅಲ್ವಾ ಮಿಸ್? ತಾತನ್ನ ಅವನು ಅನ್ನಬಾರದು.’

ನನಗೆ ಗಂಟಲು ಕಟ್ಟಿತು. ಮಗು ವ್ಯಾಕರಣ ತಪ್ಪಿರಲಿಲ್ಲ, ಮರ್ಯಾದೆ ಕಾಪಾಡುತ್ತಿತ್ತು. ಕನ್ನಡ ಗೊತ್ತಿಲ್ಲದ ಟೀಚರ್ ಆಗಿದ್ದರೆ ಅದು ಬರೀ ಒಂದು ಕೆಂಪು ಗೀಟಾಗುತ್ತಿತ್ತು. ಇವರು ಒಂದು ಕಥೆ ಹೇಳಿದರು. ಇಂಗ್ಲಿಷಿನಲ್ಲೂ ಹಿಂದೆ ‘ನೀನು’, ‘ನೀವು’ ಎರಡೂ ಇದ್ದವಂತೆ. ‘ದೌ’ ಅಂದರೆ ನೀನು. ‘ಯೂ’ ಅಂದರೆ ನೀವು. ಹಲವರಿಗೂ ಅದೇ, ದೊಡ್ಡವರಿಗೂ ಅದೇ. ಬರಬರುತ್ತಾ ‘ನೀನು’ ಬಳಕೆ ತಪ್ಪಿಹೋಗಿ ಎಲ್ಲರಿಗೂ ‘ನೀವು’ ಉಳಿದುಕೊಂಡಿತು. ‘ಅಂದರೆ ಅವರು ನಿನಗೂ ನೀವು ಅಂತಾರೆ, ತಾತನಿಗೂ ನೀವು ಅಂತಾರೆ. ಹಿ ಅನ್ನೋದರಲ್ಲಿ ಮಾತ್ರ ದೊಡ್ಡದು ಚಿಕ್ಕದು ಇಲ್ಲ. ರಾಜನೂ ಹಿ, ತಾತನೂ ಹಿ.’

‘ನಾಯಿಗೂ ನೀವು ಅಂತಾರಾ ಮಿಸ್?’

‘ಅಂತಾರೆ.’

ಪಾಠ ಮುಗಿದದ್ದೇ ತಾತನ ಕೋಣೆಗೆ ಓಡಿದಳು. ಅವರು ಎದ್ದು ಕೂತು ಕನ್ನಡಕ ಹುಡುಕುತ್ತಿದ್ದರು. ಮೂವತ್ತೆರಡು ವರ್ಷ ಕನ್ನಡ ಮೇಷ್ಟ್ರಾಗಿದ್ದವರು. ಎಲ್ಲವನ್ನೂ ಕೇಳಿಸಿಕೊಂಡು, ‘ಅವರ ಭಾಷೇಲಿ ಅದು ಮರ್ಯಾದೆಯ ಮಾತೇ ಆದರೆ, ನನಗೂ ಹಿ ಅನ್ನು ಮಗಾ, ಬೇಜಾರಿಲ್ಲ’ ಅಂದರು.

ಬುಧವಾರದ ಪಾಠದಲ್ಲಿ ಅವಳು ಮೊದಲು ಬಾಗಿಲ ಕಡೆ ತಿರುಗಿ ನೋಡಿ, ದನಿ ತಗ್ಗಿಸಿ, ‘ಮೈ ತಾತ ಈಸ್ ರೀಡಿಂಗ್ ಪೇಪರ್. ಹಿ ಈಸ್ ಡ್ರಿಂಕಿಂಗ್ ಕಾಫಿ’ ಅಂದಳು. ಎರಡು ಬೀಜ ಹಾಕಿದೆ. ಸಂಜೆ ಗೇಟಿನ ಹತ್ತಿರ ಬೀದಿನಾಯಿಗೆ ರೊಟ್ಟಿ ಚೂರು ಹಾಕುತ್ತಾ ‘ನೀವು ಊಟ ಮಾಡಿ’ ಅನ್ನುತ್ತಿದ್ದಳು.