ತಲೆಯಾಡಿದರೂ ಆಡದ ಅಕ್ಷರ

12 ನವೆಂಬರ್ 2024, ಮಂಗಳವಾರ

ಪುಸ್ತಕವನ್ನು ಕಣ್ಣೆದುರು ಹಿಡಿದು ಬೇಗ ಬೇಗ ಅತ್ತಿತ್ತ ಅಲುಗಿಸಿದೆ. ಅಕ್ಷರಗಳೆಲ್ಲ ಕಲಸಿಹೋದವು. ಆಮೇಲೆ ಪುಸ್ತಕವನ್ನು ಅಲುಗಿಸದೆ, ಅಷ್ಟೇ ವೇಗದಲ್ಲಿ ‘ಇಲ್ಲ, ಇಲ್ಲ’ ಎಂಬಂತೆ ತಲೆಯಾಡಿಸಿದೆ. ಸಲೀಸಾಗಿ ಓದಬಹುದು! ಅದೇ ಕಣ್ಣು, ಅದೇ ಸಾಲು. ಎರಡನೆಯ ಸಲ ಕಿವಿಯ ನೆರವಿತ್ತು, ಅಷ್ಟೇ.

ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಅರ್ಧವೃತ್ತಾಕಾರದ ನಾಳಗಳಿವೆ. ತಲೆ ತಿರುಗಿದಾಗ ನಾಳವೂ ತಿರುಗುತ್ತದೆ, ಒಳಗಿನ ದ್ರವ ಮಾತ್ರ ತುಸು ಹಿಂದುಳಿಯುತ್ತದೆ. ಆ ಒತ್ತಡಕ್ಕೆ ಅಲ್ಲಿನ ಜೀವಕೋಶಗಳ ಸೂಕ್ಷ್ಮ ರೋಮಗಳು ಬಾಗುತ್ತವೆ. ಸುದ್ದಿ ಮಿದುಳುಕಾಂಡ ಹೊಕ್ಕು, ಅಲ್ಲಿಂದ ನೇರವಾಗಿ ಕಣ್ಣಿನ ಸ್ನಾಯುಗಳಿಗೆ ಹೋಗುತ್ತದೆ. ಈ ದಾರಿಯಲ್ಲಿ ಕೈಬದಲಾಗುವುದು ಮೂರೇ ನರಕೋಶಗಳ ನಡುವೆ. ಹಾಗಾಗಿ ಸುಮಾರು 10 ಮಿಲಿಸೆಕೆಂಡಿನಲ್ಲೇ ಕಣ್ಣು ತಲೆಯ ವಿರುದ್ಧ ದಿಕ್ಕಿಗೆ ಹೊರಳತೊಡಗುತ್ತದೆ. ಚಲಿಸುವ ವಸ್ತುವನ್ನು ನೋಡಿ ಹಿಂಬಾಲಿಸಲು ಅದೇ ಕಣ್ಣಿಗೆ 100 ಮಿಲಿಸೆಕೆಂಡು ಬೇಕು. ಕಿವಿಯ ಲೆಕ್ಕಕ್ಕೆ ಬೆಳಕೂ ಬೇಡ, ಕಗ್ಗತ್ತಲಲ್ಲೂ ನಡೆಯುತ್ತದೆ.

ಇದು ಕೆಟ್ಟರೆ ಏನಾಗುತ್ತದೆ ಎಂಬುದನ್ನು ಸ್ವತಃ ಅನುಭವಿಸಿ ಬರೆದವರು ಒಬ್ಬ ವೈದ್ಯರು, 1952ರಲ್ಲಿ. ಸ್ಟ್ರೆಪ್ಟೊಮೈಸಿನ್ ಔಷಧದಿಂದ ಅವರ ಒಳಕಿವಿ ಹಾಳಾಗಿತ್ತು. ಹಾಸಿಗೆಯಲ್ಲಿ ಓದುವಾಗ ನಾಡಿ ಮಿಡಿದಷ್ಟಕ್ಕೇ ಅಕ್ಷರಗಳು ಕುಣಿಯುತ್ತಿದ್ದವು. ಮಂಚದ ಎರಡು ಕಂಬಿಗಳ ನಡುವೆ ತಲೆಯನ್ನು ಬಿಗಿಯಾಗಿ ಸಿಕ್ಕಿಸಿಕೊಂಡೇ ಓದಬೇಕಿತ್ತು. ನಮ್ಮ ತಲೆಯೂ ನಾಡಿಯೊಂದಿಗೆ ಹಾಗೆಯೇ ಮಿಡಿಯುತ್ತಿರುತ್ತದೆ. ನಮಗೆ ಗೊತ್ತಾಗುವುದಿಲ್ಲ.

ಇದೆಲ್ಲ ತಲೆಗೆ ಹೊಕ್ಕಿದ್ದು ನನ್ನ ಹೊಸ ಕನ್ನಡಕದಿಂದ. ಮೈನಸ್ ಗಾಜು ನೋಟವನ್ನು ಕುಗ್ಗಿಸುತ್ತದೆ. ಹಾಗಾಗಿ ಕಣ್ಣು ಹಳೆಯ ಅಳತೆಯಲ್ಲೇ ಹೊರಳಿದರೆ ಹೆಚ್ಚಾಗುತ್ತದೆ, ಗೋಡೆ ಜಾರಿದಂತೆ ಕಾಣುತ್ತದೆ. ‘ಹಾಕಿಕೊಂಡಿರಿ, ತಾನಾಗಿ ಸರಿಹೋಗುತ್ತದೆ’ ಎಂದರು ಅಂಗಡಿಯವರು. ತಾನಾಗಿ ಎಂದರೆ, ಕಿರುಮಿದುಳು ಆ ಜಾರುವಿಕೆಯನ್ನೇ ಗಮನಿಸಿ ಅಳತೆ ತಿದ್ದುತ್ತದೆ. ಅದಕ್ಕೆ ತಲೆ ಆಡುತ್ತಲೇ ಇರಬೇಕು. ಜಾಗ್ರತೆಯೆಂದು ಕತ್ತು ಸೆಟೆದು ಕುಳಿತರೆ ತಿದ್ದಲು ಅದಕ್ಕೆ ಸಿಗುವುದಾದರೂ ಏನು?

ಈ ತಿದ್ದುಪಡಿ ಎಲ್ಲಿಯವರೆಗೆ ಹೋಗಬಲ್ಲದು ಎಂದು 1970ರ ದಶಕದಲ್ಲಿ ಕೆನಡಾದ ಮೆಲ್ವಿಲ್ ಜೋನ್ಸ್ ಮತ್ತು ಸಂಗಡಿಗರು ಪರೀಕ್ಷಿಸಿದರು. ಎಡಬಲ ಅದಲುಬದಲಾಗಿ ತೋರಿಸುವ ಪ್ರಿಸಂ ಕನ್ನಡಕವನ್ನು ಜನ ವಾರಗಟ್ಟಲೆ ಧರಿಸಿದರು. ಕೊನೆಗೆ ಕತ್ತಲಲ್ಲಿ ಅಳೆದಾಗಲೂ ಅವರ ಕಣ್ಣು ತಲೆ ಹೋದತ್ತಲೇ ಹೋಗುವ ಹಂತಕ್ಕೆ ಬಂದಿತ್ತು. ನನ್ನದು ಬರೀ ಮೈನಸ್ ಎರಡು. ಬೆಳಗಿನಿಂದ ಗೊಣಗಿದ್ದು ಸ್ವಲ್ಪ ಅತಿಯೇ ಆಯಿತು.