ಮೂನ್‌ಲೈಟಿನ ಹಸಿರು ಕೊನೆಗೂ ಹೋಯಿತು

ಗೆದ್ದೆ. ಜೇಬಿನ ಟಾರ್ಚನ್ನು ಅತಿ ಕಡಿಮೆ ಬೆಳಕಿನ ಮೋಡ್‌ಗೆ, ಅಂದರೆ ಮೂನ್‌ಲೈಟಿಗೆ, ಇಳಿಸಿ ಊಟದ ತಟ್ಟೆಯ ಮೇಲೆ ಹಿಡಿದರೆ ಅನ್ನ ಈಗ ಬೆಳ್ಳಗೆ ಕಾಣುತ್ತದೆ. ಹೋದ ಮಳೆಗಾಲದಿಂದ ಅದೇ ಅನ್ನ ಪಾಚಿ ಹಿಡಿದ ಹಾಗೆ ಕಾಣುತ್ತಿತ್ತು.

ಹೋಸ್ಟ್ (ಟಾರ್ಚಿನ ಖಾಲಿ ಕವಚ) ಆರಿಸಿದ್ದು, ಡ್ರೈವರ್ (ಎಲ್‌ಇಡಿಗೆ ಕರೆಂಟ್ ಅಳೆದು ಕೊಡುವ ಸರ್ಕ್ಯೂಟ್) ಕೂರಿಸಿದ್ದು, ಸ್ಪ್ರಿಂಗಿಗೆ ಬೈಪಾಸ್ ತಂತಿ ಬೆಸೆದದ್ದು ಎಲ್ಲ ನಿಮಗೆ ಗೊತ್ತಿರುವ ಕಥೆಯೇ, ಬಿಟ್ಟುಬಿಡುತ್ತೇನೆ. ಒಂದು 18650 ಲಿಥಿಯಂ ಅಯಾನ್ ಸೆಲ್ಲಿನ (18 ಮಿಮೀ ದಪ್ಪ, 65 ಮಿಮೀ ಉದ್ದ) ಅಲ್ಯೂಮಿನಿಯಂ ಟ್ಯೂಬು, ಒಂದೇ ಎಲ್‌ಇಡಿ, ಹಿಂದೆ ಸ್ವಿಚ್ಚು. ಅದಕ್ಕಿಂತ ಸಣ್ಣ ಸೆಲ್ 14500 ಯಾಕಲ್ಲ ಅಂತ ಕೇಳುವವರಿದ್ದಾರೆ. ಪ್ಯಾಂಟಿನ ಜೇಬಿಗೆ 14500 ಚೆನ್ನ, ಒಪ್ಪಿದೆ. ಆದರೆ ನಮ್ಮೂರಲ್ಲಿ ಆಷಾಢದ ಗಾಳಿಗೆ ಕರೆಂಟ್ ಹೋದರೆ ಯಾವಾಗ ಬರುತ್ತದೆ ಅಂತ ಲೈನ್‌ಮ್ಯಾನ್‌ಗೂ ಗೊತ್ತಿರಲ್ಲ. ಒಳ್ಳೆಯ 14500 ಸುಮಾರು 1000 ಎಂಎಎಚ್ (ಸೆಲ್ಲಿನ ಸಾಮರ್ಥ್ಯದ ಅಳತೆ) ಕೊಟ್ಟರೆ 18650 ಅದರ ಮೂರು ಪಟ್ಟು ಕೊಡುತ್ತದೆ. ಜೇಬು ಸ್ವಲ್ಪ ಉಬ್ಬಲಿ ಬಿಡಿ.

ಟಾರ್ಚ್ ತೋರಿಸಿದ ತಕ್ಷಣ ಎಲ್ಲರೂ ಕೇಳುವುದು ಒಂದೇ: 'ಎಷ್ಟು ಲ್ಯೂಮೆನ್?', ಅಂದರೆ ಒಟ್ಟು ಬೆಳಕು ಎಷ್ಟು ಅಂತ. ಆಮೇಲೆ, 'ಎಷ್ಟು ದೂರ ಹೋಗುತ್ತೆ?' ಪೆಟ್ಟಿಗೆಯ ಮೇಲೆ ಬರೆದಿರುವ ದೂರ ಅಂದರೆ ಟಾರ್ಚ್ ಅಳೆಯುವ ಎಫ್‌ಎಲ್1 ಮಾನದಂಡದ ಲೆಕ್ಕದಲ್ಲಿ ಬೆಳಕು 0.25 ಲಕ್ಸ್‌ಗೆ ಇಳಿಯುವ ಜಾಗ, ಹೆಚ್ಚು ಕಮ್ಮಿ ಹುಣ್ಣಿಮೆ ಬೆಳಕಿನಷ್ಟು. ಅಷ್ಟು ದೂರದಲ್ಲಿ ಎಮ್ಮೆ ನಿಂತಿದೆಯೋ ಬಂಡೆ ಇದೆಯೋ ಹೇಳುವುದು ಕಷ್ಟ. ಟರ್ಬೋ (ಅತಿ ಹೆಚ್ಚಿನ ಮೋಡ್) ಹಾಕಿದರೆ ಒಂದು ನಿಮಿಷಕ್ಕೆ ಕೈ ಸುಡುತ್ತದೆ, ಆಮೇಲೆ ಅದೇ ತಾನಾಗಿ ಇಳಿಯುತ್ತದೆ. ದಿನಾ ಬಳಸುವುದು ಯಾವುದಕ್ಕೆ? ಬೀಗದ ಕಿಂಡಿ ಹುಡುಕಲು, ಮಗು ಮಲಗಿರುವಾಗ ಕಪಾಟು ತೆಗೆಯಲು, ಎಂಸಿಬಿ ನೋಡಲು, ಸ್ಕೂಟರಿನ ಕೆಳಗೆ ಬಿದ್ದ ನಟ್ಟು ಹೆಕ್ಕಲು. ಇದಕ್ಕೆಲ್ಲ ಒಂದೆರಡು ಲ್ಯೂಮೆನ್ ಧಾರಾಳ. ಹಾಗಾಗಿ ಜೇಬಿನ ಟಾರ್ಚನ್ನು ಕೆಳಗಿನ ಮೋಡಿನಿಂದ ಅಳೆಯಬೇಕು ಅನ್ನುವುದು ನನ್ನ ಹಠ. ಮೇಲಿನದು ಬರೀ ನೆಂಟರಿಗೆ ತೋರಿಸಲು.

ಬಣ್ಣದ ಹಠಕ್ಕೆ ಮಾತ್ರ ಬೇರೆ ಕಾರಣವಿದೆ. ಊರಿನ ತೋಟದಲ್ಲಿ ರಾತ್ರಿ ಮೋಟರ್ ಆಫ್ ಮಾಡಲು ಹೋಗಬೇಕು. ನೆಲದ ಮೇಲೆ ಒಣಗಿದ ಸೋಗೆ, ತರಗೆಲೆ. ಅದರ ಮೇಲೆ ಕೊಳಕುಮಂಡಲ ಮಲಗಿದರೆ ಕಂದಿನ ಮೇಲೆ ಕಂದು. ನೀಲಿ ಛಾಯೆಯ ಅಗ್ಗದ ಎಲ್‌ಇಡಿಯಲ್ಲಿ ಹಾವು, ಸೋಗೆ, ಮಣ್ಣು ಮೂರೂ ಒಂದೇ ಬೂದು. ಪೆಟ್ಟಿಗೆಯ ಮೇಲೆ 'ಸಿಆರ್‌ಐ 80' ಅಂತ ಇದ್ದರೆ ಮೋಸ ಹೋಗಬೇಡಿ. ಬೆಳಕಿನಲ್ಲಿ ಬಣ್ಣಗಳು ಎಷ್ಟು ನಿಜವಾಗಿ ಕಾಣುತ್ತವೆ ಅಂತ 100ಕ್ಕೆ ಕೊಡುವ ಆ ಅಂಕಿ ಪರೀಕ್ಷೆಯ ಮೊದಲ ಎಂಟು ಬಣ್ಣಗಳ ಸರಾಸರಿ ಅಷ್ಟೇ. ಒಂಬತ್ತನೆಯದಾದ ಕಡುಗೆಂಪು, ಅಂದರೆ ಆರ್9, ಅದರಲ್ಲಿ ಸೇರುವುದೇ ಇಲ್ಲ. 80ರ ಎಲ್‌ಇಡಿಯಲ್ಲಿ ಆರ್9 ಸೊನ್ನೆಯ ಆಸುಪಾಸಿನಲ್ಲಿದ್ದರೂ ಯಾರೂ ಕೇಳಲ್ಲ. ಕಂದು ಬಣ್ಣ ಬಿಡಿಬಿಡಿಯಾಗಿ ಕಾಣಬೇಕಾದರೆ ಆ ಕೆಂಪು ಬೇಕೇ ಬೇಕು.

ಇನ್ನು ಅಸಲಿ ತಲೆನೋವು. ಮೊದಲಿದ್ದ ಡ್ರೈವರ್ ಪಿಡಬ್ಲ್ಯುಎಂನದು, ಅಂದರೆ ಎಲ್‌ಇಡಿಯನ್ನು ಸರಸರನೆ ಹಚ್ಚಿ ಆರಿಸಿ ಬೆಳಕು ತಗ್ಗಿಸುವಂಥದ್ದು, ಅದೂ ನಿಧಾನದ್ದು. ಮಳೆಯಲ್ಲಿ ಹಿಡಿದರೆ ಬೀಳುವ ಹನಿಗಳು ತುಂಡು ತುಂಡು ಗೆರೆಯಾಗಿ ಕಾಣುತ್ತಿದ್ದವು. ಫ್ಯಾನಿನ ರೆಕ್ಕೆ ಹಿಂದಕ್ಕೆ ತಿರುಗುತ್ತಿತ್ತು. ಸಾಕಾಗಿ, ಆರಿಸದೆ ಕರೆಂಟನ್ನೇ ತಗ್ಗಿಸುವ ಕಾನ್‌ಸ್ಟೆಂಟ್ ಕರೆಂಟ್ ಲೀನಿಯರ್ ಡ್ರೈವರ್ ಹಾಕಿದೆ. ಮಿಣುಕು ಹೋಯಿತು, ಹಸಿರು ಬಂತು.

ಕಾರಣ ನೋಡಿ. ಎಲ್‌ಇಡಿಯ ಬಣ್ಣ ಅದರಲ್ಲಿ ಹರಿಯುವ ಕರೆಂಟಿನ ಜೊತೆ ಬದಲಾಗುತ್ತದೆ. ತುಂಬಾ ಎಲ್‌ಇಡಿಗಳು ಜಾಸ್ತಿ ಕರೆಂಟಿನಲ್ಲಿ ನೀಲಿ-ಗುಲಾಬಿ ಕಡೆಗೆ ವಾಲುತ್ತವೆ, ಕಡಿಮೆಯಾದರೆ ಹಸಿರು-ಹಳದಿ ಕಡೆಗೆ. ಪಿಡಬ್ಲ್ಯುಎಂನಲ್ಲಿ ಮೂನ್‌ಲೈಟ್ ಆದರೂ ಪ್ರತಿ ಮಿಡಿತದಲ್ಲಿ ಡ್ರೈವರಿನಲ್ಲಿರುವ 7135 ಚಿಪ್ಪಿನ 350 ಮಿಲಿಆಂಪ್ ಪೂರ್ತಿ ಹರಿಯುತ್ತದೆ, ಮಧ್ಯೆ ಮಧ್ಯೆ ಆರುತ್ತದೆ ಅಷ್ಟೇ. ಅದಕ್ಕೇ ಬಣ್ಣ ಹಾಗೇ ಇರುತ್ತದೆ. ಲೀನಿಯರ್‌ನಲ್ಲಿ ನಿಜವಾಗಿಯೂ ಕೆಲವೇ ಮಿಲಿಆಂಪ್ ಹರಿಯುವುದು. ಅಲ್ಲಿ ಎಲ್‌ಇಡಿಯ ಅಸಲಿ ಮುಖ ಹೊರಗೆ ಬೀಳುತ್ತದೆ. ಮಿಣುಕು ಬೇಡ ಅಂದರೆ ಹಸಿರು ತಗೋ, ಹಸಿರು ಬೇಡ ಅಂದರೆ ಮಿಣುಕು ತಗೋ. ಇದೆಂಥ ವ್ಯಾಪಾರ!

ಆದರೆ ಒಂದು ಅನುಮಾನ ಉಳಿದಿತ್ತು. ಹಸಿರು ಟಾರ್ಚಿನದೋ ಕಣ್ಣಿನದೋ? ಬೆಳಕು ತೀರಾ ಕಡಿಮೆಯಾದಾಗ ಕಣ್ಣು ಬಣ್ಣ ಗುರುತಿಸುವ ಕೋನ್ ಕೋಶಗಳಿಂದ ಮಂದ ಬೆಳಕು ಹಿಡಿಯುವ ರಾಡ್ ಕೋಶಗಳ ಕಡೆಗೆ ವಾಲುತ್ತದೆ. ಹಗಲಿನ ಕಣ್ಣಿಗೆ 555 ನ್ಯಾನೋಮೀಟರ್ ಹತ್ತಿರದ ಬೆಳಕು ಚುರುಕು, ಇರುಳಿನ ಕಣ್ಣಿಗೆ 507ರ ಹತ್ತಿರದ್ದು. ಹಾಗಾಗಿ ಕೆಂಪು ಮಂಕಾಗಿ ಹಸಿರು-ನೀಲಿ ಎದ್ದು ಕಾಣುತ್ತದೆ. ಇದನ್ನು ಪುರ್ಕಿನ್ಯೆ ಅನ್ನುವ ಚೆಕ್ ವಿಜ್ಞಾನಿ ಸುಮಾರು 200 ವರ್ಷದ ಹಿಂದೆಯೇ ಗಮನಿಸಿದ್ದ. ಕಳ್ಳ ಕಣ್ಣೇ ಆಗಿದ್ದರೆ ಎಲ್‌ಇಡಿ ಬದಲಾಯಿಸಿ ಏನು ಪ್ರಯೋಜನ?

ಸ್ಪೆಕ್ಟ್ರೋಮೀಟರ್ ಕೊಳ್ಳುವ ದುಡ್ಡಿಲ್ಲ. ಆದರೆ ಊರಲ್ಲಿ ಅಪ್ಪನ ಹಳೇ ಎರಡು ಸೆಲ್ಲಿನ ಟಾರ್ಚ್ ಇದೆ. ಒಳಗೆ 2.38 ವೋಲ್ಟ್, 0.5 ಆಂಪಿನ ಪಿಆರ್2 ಬಲ್ಬು. ಉರಿಯುವುದು ತಂತಿ, ಹಾಗಾಗಿ ಸಿಆರ್‌ಐ ಹೆಚ್ಚು ಕಮ್ಮಿ 100. ಸೆಲ್ ಇಳಿದರೆ ಕೆಂಪಾಗುತ್ತದೆ ಹೊರತು ಹಸಿರಾಗಲ್ಲ. ನಾವು ಸಾವಿರಾರು ರೂಪಾಯಿ ಸುರಿದು ಹುಡುಕುವ ಬಣ್ಣ ಆ ತಗಡಿನ ಕೊಳವೆಯಲ್ಲಿ ಸುಮ್ನೆ ಕೂತಿದೆ.

ಪರೀಕ್ಷೆ ಹೀಗೆ. ಜಗಲಿಯ ಒಂದು ತುದಿಯ ಗೋಡೆಗೆ ಬಿಳಿ ಹಾಳೆ ಅಂಟಿಸಿದೆ. ಹಾಳೆಯ ಅರ್ಧಕ್ಕೆ ನನ್ನ ಟಾರ್ಚಿನ ಮೂನ್‌ಲೈಟ್. ಇನ್ನರ್ಧಕ್ಕೆ ಅಪ್ಪನದು, ಆದರೆ ಜಗಲಿಯ ಆ ತುದಿಯಿಂದ, ಬೀಮಿನ ಅಂಚು ಮಾತ್ರ ತಾಗುವ ಹಾಗೆ. ದೂರ ಹೆಚ್ಚಿದರೆ ಬೆಳಕು ಇಳಿಯುತ್ತದೆ, ಬಣ್ಣ ಬದಲಾಗಲ್ಲ. ಎರಡೂ ಸಮ ಮಂದವಾಗುವವರೆಗೆ ಹಿಂದೆ ಮುಂದೆ ಸರಿಸಿದೆ. ಕಣ್ಣಿನದೇ ತಪ್ಪಾಗಿದ್ದರೆ ಬಲ್ಬಿನ ಬೆಳಕೂ ಅಷ್ಟೇ ಹಸಿರಾಗಬೇಕು ತಾನೇ? ಅದು ಮೆತ್ತಗಿನ ಹಳದಿಯಾಗಿಯೇ ಇತ್ತು. ನನ್ನ ಅರ್ಧ ಮಾತ್ರ ಹಸಿರು.

ಅಪ್ಪ ಬಂದು ನಿಂತರು. 'ಎಂಥ ಮಾರಾಯ, ಗೋಡೆಗೆ ಬೆಳಕು ಬಿಟ್ಕೊಂಡು ಕೂತಿದೀಯ? ಆ ಬ್ಯಾಟ್ರಿ ಸೆಲ್ಲು ಖರ್ಚಾಗುತ್ತೆ.'

'ಬಣ್ಣ ನೋಡ್ತಾ ಇದೀನಪ್ಪ.'

'ಬಣ್ಣ ಹಗಲು ನೋಡು.'

ಸರಿ, ಕಳ್ಳ ಟಾರ್ಚಿನ ಒಳಗೇ ಇದ್ದಾನೆ ಅಂತಾಯಿತು. ಆಗ ಒಳಗಿದ್ದ ಎಲ್‌ಇಡಿಯ ಹೆಸರು ಹೇಳಲ್ಲ. ದೂರ ಹೊಡೆಯಲು ಹೆಸರಾದದ್ದು, ಸಿಆರ್‌ಐ 95, ಆದರೂ ಕಡಿಮೆ ಕರೆಂಟಿನಲ್ಲಿ ಹಸಿರು. ಸಿಆರ್‌ಐ ಬೇರೆ, ಛಾಯೆ ಬೇರೆ. ಬೇಕಾದದ್ದು ಡಿಯುವಿ (ಛಾಯೆ ಹಸಿರಿಗೋ ಗುಲಾಬಿಗೋ ಎಷ್ಟು ವಾಲಿದೆ ಅನ್ನುವ ಅಂಕಿ) ಮೈನಸ್, ಅಂದರೆ ಗುಲಾಬಿ, ಕಡೆಗೆ ಇರುವುದು. ಹಾಗಂತ ನಿಚಿಯಾ ಕಂಪನಿಯ 219ಬಿ ಎಲ್‌ಇಡಿ, ಎಸ್‌ಡಬ್ಲ್ಯು45 ಬಿನ್ನಿನದು (ಬಿನ್ ಅಂದರೆ ಬಣ್ಣ ನೋಡಿ ವಿಂಗಡಿಸಿದ ಗುಂಪು) ಆರ್ಡರ್ ಮಾಡಿದೆ.

ಇಲ್ಲಿ ಸ್ವಲ್ಪ ಬೈಯಲೇಬೇಕು. 2020ರ ನವೆಂಬರಿನಲ್ಲಿ ಅಲಿ‌ಎಕ್ಸ್‌ಪ್ರೆಸ್ ಇಲ್ಲಿ ನಿಷೇಧವಾದ ಮೇಲೆ ನಮ್ಮಂಥವರಿಗೆ ಬಿಡಿ ಎಲ್‌ಇಡಿ ಸಿಗುವುದು ಯಾರೋ ತರಿಸಿ ಮಾರುವವರಿಂದ. ಬಂದ ಲಕೋಟೆಯಲ್ಲಿ ಬೇರೆಯೇ ಬಿನ್ನು. ಫೋನ್ ಮಾಡಿದರೆ ಉತ್ತರ: 'ಎರಡೂ ಒಂದೇ ಸಾರ್, ವೈಟೇ ಅಲ್ವಾ?' ಸೆಲ್ಲಿನ ಕಥೆ ಇನ್ನೂ ಚೆಂದ. ಬಿಡಿ ಲಿಥಿಯಂ ಅಯಾನ್ ಸೆಲ್ಲುಗಳನ್ನು 2016ರಿಂದ ಪ್ರಯಾಣಿಕ ವಿಮಾನದಲ್ಲಿ ಸರಕಾಗಿ ಸಾಗಿಸುವ ಹಾಗಿಲ್ಲ, ಆದ್ದರಿಂದ ಒಳ್ಳೆಯದನ್ನು ಹೊರಗಿನಿಂದ ತರಿಸುವುದು ಕಷ್ಟ. ಬೆಂಗಳೂರಿನ ಎಸ್‌ಪಿ ರೋಡಿನ ಒಂದು ಅಂಗಡಿಯಲ್ಲಿ ಕೇಳಿದರೆ '9900 ಎಂಎಎಚ್' ಅಂತ ಬರೆದ ನೇರಳೆ ಸೆಲ್ ಕೊಟ್ಟರು. ಒಳ್ಳೆಯ ಕಂಪನಿಯ 18650 ಕೂಡ ಸಾಮಾನ್ಯವಾಗಿ 3500ರ ಸುತ್ತಮುತ್ತ ನಿಲ್ಲುತ್ತದೆ. ಅಸಲಿ ಸೆಲ್ ಸುಮಾರು 45 ಗ್ರಾಂ ತೂಗುತ್ತದೆ, ಇದನ್ನು ಕೈಗೆತ್ತಿಕೊಂಡರೆ ಒಳಗೆ ಗಾಳಿ ತುಂಬಿದ್ದಾರೋ ಅನ್ನಿಸುತ್ತದೆ. ಸ್ಪ್ರಿಂಗ್ ತಕ್ಕಡಿ ತರುತ್ತೇನೆ ಅಂದೆ. ಅಂಗಡಿಯವರು ನಕ್ಕು ಚಹಾ ಕೊಟ್ಟರು, ಸೆಲ್ ಬದಲಾಯಿಸಿ ಕೊಡಲಿಲ್ಲ.

ಬಿನ್ನು ಸಿಗದ ಸಿಟ್ಟಿಗೆ ಅಡ್ಡದಾರಿ ಹಿಡಿದೆ. ಸಿನಿಮಾದವರು ಟ್ಯೂಬ್‌ಲೈಟಿನ ಹಸಿರು ತೆಗೆಯಲು ಬೆಳಕಿನ ಮುಂದೆ ಮೈನಸ್ ಗ್ರೀನ್ ಜೆಲ್ (ಹಸಿರನ್ನು ತಡೆಯುವ ಗುಲಾಬಿ ಛಾಯೆಯ ಪಾರದರ್ಶಕ ಹಾಳೆ) ಹಾಕುತ್ತಾರೆ. ಲೀ ಕಂಪನಿಯ ಪಟ್ಟಿಯಲ್ಲಿ 249 ಅಂದರೆ ಕಾಲು ಪ್ರಮಾಣದ್ದು, 279 ಅಂದರೆ ಅದರಲ್ಲೂ ಅರ್ಧ. ಗಾಂಧಿನಗರ ಇರುವಾಗ ಚಿಂತೆ ಯಾಕೆ? ಲೈಟ್ ಬಾಡಿಗೆ ಕೊಡುವವರ ಹತ್ತಿರ 249ರ ಒಂದು ಹಾಳೆ ಸಿಕ್ಕಿತು. ಯಾವ ಸಿನಿಮಾಕ್ಕೆ ಅಂತ ಕೇಳಿದರು. ಜೇಬಿಗೆ ಅಂದೆ. ಗಾಜಿನ ಹಿಂದೆ ದುಂಡಗೆ ಕತ್ತರಿಸಿ ಕೂರಿಸಿದರೆ ಮೂನ್‌ಲೈಟ್ ಚೊಕ್ಕ ಬಿಳಿ. ಆದರೆ ಮೇಲಿನ ಮೋಡಿನಲ್ಲಿ ಗೋಡೆಯೆಲ್ಲ ಗುಲಾಬಿ, ಅಷ್ಟಿಷ್ಟು ಬೆಳಕನ್ನೂ ನುಂಗುತ್ತದೆ. ಪರವಾಗಿಲ್ಲ, ಆದರೆ ಗೆಲುವಲ್ಲ.

ಗುಟ್ಟು ಬಯಲಾದದ್ದು ಜೆಲ್ ಹಾಕಲು ಬೆಜೆಲ್ (ಗಾಜನ್ನು ಹಿಡಿದಿಡುವ ಮುಂದಿನ ಬಳೆ) ಬಿಚ್ಚಿದಾಗ. ಗಾಜು ಪಕ್ಕಕ್ಕಿಟ್ಟು ಬರೀ ರಿಫ್ಲೆಕ್ಟರಿನಿಂದ ಹಾಳೆಗೆ ಬೆಳಕು ಬಿಟ್ಟೆ. ಹಸಿರು ಎದ್ದು ಕಾಣುವಷ್ಟು ಕಮ್ಮಿ! ಗಾಜು ಹಿಡಿದರೆ ಮತ್ತೆ ಹಸಿರು. ತೆಗೆದರೆ ಕಮ್ಮಿ. ಗಾಜನ್ನು ಓರೆ ಹಿಡಿದು ನೋಡಿದೆ, ನೇರಳೆ ಹೊಳಪು. ಎಆರ್ ಕೋಟಿಂಗ್, ಅಂದರೆ ಗಾಜಿನಿಂದ ಬೆಳಕು ವಾಪಸ್ ಬರುವುದನ್ನು ತಗ್ಗಿಸುವ ಪದರ! ಕಣ್ಣಿಗೆ ನೇರಳೆ ಕಾಣುತ್ತಿದೆ ಅಂದರೆ ಕೆಂಪು, ನೀಲಿ ಎರಡೂ ಸ್ವಲ್ಪ ಸ್ವಲ್ಪ ವಾಪಸ್ ಬರುತ್ತಿವೆ. ಹಾಗಾದರೆ ಆಚೆ ದಾಟುವುದರಲ್ಲಿ ಉಳಿಯುವುದು ಯಾವುದು? ಹಸಿರೇ. ಎಲ್‌ಇಡಿಯ ಹಸಿರಿಗೆ ಗಾಜಿನ ಹಸಿರು ಸೇರಿ ಇಷ್ಟು ದಿನ ಆಟ ಆಡಿಸಿತ್ತು.

ಕೋಟಿಂಗ್ ಇಲ್ಲದ ಗಾಜು ಬೇಕು ಅಂತ ಆನ್‌ಲೈನ್‌ನಲ್ಲಿ ಹುಡುಕಿ ಸುಸ್ತಾಗಬೇಡಿ. ವಾಚ್ ರಿಪೇರಿ ಅಂಗಡಿಗೆ ಹೋಗಿ. ವಾಚಿನ ಚಪ್ಪಟೆ ಗಾಜುಗಳು ಮಿಲಿಮೀಟರ್ ಅಳತೆಯಲ್ಲೇ ಡಬ್ಬಿ ತುಂಬ ಇರುತ್ತವೆ. ಕ್ಯಾಲಿಪರ್ ಒಯ್ಯಿರಿ. ದಪ್ಪವನ್ನೂ ನೋಡಿ, ತೆಳ್ಳಗಾದರೆ ಓ-ರಿಂಗ್ ಅಮುಕಲ್ಲ, ಮಲೆನಾಡಿನ ಮಳೆಗೆ ಒಳಗೆ ನೀರು ಗ್ಯಾರಂಟಿ. ಬರೀ ಗಾಜು ಎರಡು ಮೈಗೂ ಸೇರಿ ಸುಮಾರು ಶೇಕಡ 8ರಷ್ಟು ಬೆಳಕನ್ನು ವಾಪಸ್ ಎಸೆಯುತ್ತದೆ. ಎಸೆಯಲಿ. ಕಣ್ಣಿಗೆ ಅದು ಗೊತ್ತೇ ಆಗಲ್ಲ.

ಅಂದ ಹಾಗೆ ಇದೇ ಗಾಜಿನ ಗಲಾಟೆಯಲ್ಲಿ ಮುಂದಿನ ಕೆಲಸವೂ ತಲೆಗೆ ಹತ್ತಿತು. ಉಳಿದ ಟ್ಯೂಬಿಗೆ 365 ನ್ಯಾನೋಮೀಟರ್ ಯುವಿ ಎಲ್‌ಇಡಿ ಹಾಕಿ, ಮುಂದೆ ಜಡ್‌ಡಬ್ಲ್ಯುಬಿ2 ಕಪ್ಪು ಫಿಲ್ಟರ್ ಗಾಜು ಕೂರಿಸಿದರೆ ಚೇಳು ಹುಡುಕುವ ಟಾರ್ಚ್ ತಯಾರ್. ಚೇಳಿನ ಮೈ ಯುವಿಗೆ ಹಸಿರು-ನೀಲಿಯಾಗಿ ಹೊಳೆಯುತ್ತದೆ. ನಮ್ಮ ಕೊಟ್ಟಿಗೆಯ ಹಿಂದಿನ ಜಂಬಿಟ್ಟಿಗೆ ಗೋಡೆಯ ಸಂದಿಗಳಲ್ಲಿ ಎಷ್ಟಿವೆ ಅಂತ ಎಣಿಸುವ ಆಸೆ. 395ರದ್ದು ಅಗ್ಗ, ಆದರೆ ನೇರಳೆ ಬೆಳಕೇ ಕಣ್ಣು ತುಂಬುತ್ತದೆ, ಬೇಡ. ಯುವಿ ಕನ್ನಡಕ ಮರೆಯಬೇಡಿ. ಎಣಿಸಿದ ಮೇಲೆ ಲೆಕ್ಕ ಮನೆಯಲ್ಲಿ ಹೇಳಬಾರದು ಅಂತ ಹೆಂಡತಿಯ ಆಜ್ಞೆ ಈಗಲೇ ಆಗಿದೆ.

ಮತ್ತೆ ಜೇಬಿನ ಟಾರ್ಚಿಗೆ. ಗಾಜು ಬದಲಾದ ಮೇಲೂ ಎಲ್‌ಇಡಿಯದೇ ಹಸಿರು ಒಂದಿಷ್ಟು ಉಳಿದಿತ್ತು. 219ಬಿಯ ಆಸೆ ಬಿಟ್ಟು ನಿಚಿಯಾ 519ಎ, 5700 ಕೆಲ್ವಿನ್‌ನದು ತಗೊಂಡು ಡೀಡೋಮ್ ಮಾಡಿದೆ. ಸಿಲಿಕೋನ್ ಗುಮ್ಮಟವನ್ನು ಹೊಸ ಬ್ಲೇಡಿನಿಂದ ಅಡ್ಡಡ್ಡ ಸೀಳಿ ತೆಗೆಯುವುದು. ಕೆಳಗಿನ ಫಾಸ್ಫರ್‌ಗೆ (ನೀಲಿ ಬೆಳಕನ್ನು ಬಿಳಿಯಾಗಿಸುವ ಪದರ) ಬ್ಲೇಡ್ ತಾಗಿದರೆ ಕಥೆ ಮುಗೀತು. ಗುಮ್ಮಟ ಹೋದರೆ ನೀಲಿ ಬೆಳಕು ಇನ್ನಷ್ಟು ಫಾಸ್ಫರ್‌ಗೇ ಮರಳಿ ಹಳದಿ-ಕೆಂಪಾಗುತ್ತದೆ. ಬಣ್ಣ ಸಾವಿರ ಕೆಲ್ವಿನ್‌ಗೂ ಜಾಸ್ತಿ ಇಳಿದು ಬೆಚ್ಚಗಾಗುತ್ತದೆ, ಅಂದರೆ ಹಳದಿಗೆ ತಿರುಗುತ್ತದೆ, ಛಾಯೆ ಗುಲಾಬಿ ಕಡೆಗೆ ಸರಿಯುತ್ತದೆ. ಲ್ಯೂಮೆನ್ ಒಂದಿಷ್ಟು ಹೋಗುತ್ತದೆ, ಬೀಮ್ ಬಿಗಿಯಾಗುತ್ತದೆ. ಆ ಗುಲಾಬಿಯ ದಾಸ್ತಾನು ಇದ್ದರೆ ಮೂನ್‌ಲೈಟಿನಲ್ಲಿ ಹಸಿರಿನ ಕಡೆ ಜಾರಿದರೂ ಬಿಳಿಯ ಹತ್ತಿರವೇ ನಿಲ್ಲುತ್ತದೆ. ರಿಫ್ಲೋ (ಬಿಸಿ ಮಾಡಿ ಎಲ್‌ಇಡಿ ಬೆಸೆಯುವುದು) ಮಾಡಿದ್ದು ಇಸ್ತ್ರಿ ಪೆಟ್ಟಿಗೆಯನ್ನು ಬೋರಲು ಹಾಕಿ. ಇದೂ ಮನೆಯಲ್ಲಿ ಹೇಳುವಂಥದ್ದಲ್ಲ.

ಜಗಲಿಯ ಪರೀಕ್ಷೆ ಮತ್ತೆ ಮಾಡಿದೆ. ಅಪ್ಪನ ಬಲ್ಬು ಹಳದಿ, ನನ್ನದು ಅದಕ್ಕಿಂತ ಬಿಳಿ, ಹಸಿರು ಇಲ್ಲ. ಅರಿಶಿನ, ಕುಂಕುಮ, ಚಾಲಿ ಅಡಿಕೆ ಎಲ್ಲದರ ಮೇಲೂ ಹಿಡಿದು ನೋಡಿದೆ. ಸೋಗೆಯ ಮೇಲಿನ ಕಂದುಗಳು ಬೇರೆ ಬೇರೆಯಾಗಿ ಕಾಣುತ್ತವೆ.

ಬಾಕಿ ಉಳಿದದ್ದು ಕ್ಲಿಪ್ಪು. ಈಗಿರುವುದು ಪಂಚೆಯ ಮಡಿಕೆಯಲ್ಲಿ ನಿಲ್ಲಲ್ಲ, ಪ್ಯಾಂಟಿನ ಜೇಬನ್ನು ಹರಿಯುತ್ತದೆ. ಸ್ಪ್ರಿಂಗ್ ಸ್ಟೀಲಿನ ಪಟ್ಟಿ ಬಗ್ಗಿಸಿ ಒಂದು ಮಾಡುವವನಿದ್ದೇನೆ. 249 ಜೆಲ್ ಹಾಳೆ ಮುಕ್ಕಾಲು ಪಾಲು ಹಾಗೇ ಇದೆ. ಹಸಿರಿನಿಂದ ಬಳಲುತ್ತಿರುವವರು ಗಾಜಿನ ವ್ಯಾಸ ತಿಳಿಸಿದರೆ ಕತ್ತರಿಸಿ ಕೊಡುತ್ತೇನೆ. ಆದರೆ ಮೊದಲು ಗಾಜು ಓರೆ ಹಿಡಿದು ನೋಡಿ.